ಒತ್ತಕ್ಷರಕ್ಕೆ ಜಾಗ ಬಿಡಿ: ಪುಸ್ತಕ ಅಚ್ಚಿಗೆ ಕಳಿಸುವವರ ಪ್ರಶ್ನೆಗಳು

ತಮ್ಮ ಖರ್ಚಿನಲ್ಲೇ ಪುಸ್ತಕ ತರುವವರು ಕನ್ನಡದಲ್ಲಿ ಈಗ ಬಹಳ ಮಂದಿ. ಈ ಸಲ ಬಂದ ಪತ್ರಗಳೆಲ್ಲ ಅವರವೇ. ಹೆಚ್ಚಿನವರ ತೊಡಕಿಗೆ ಮೂಲ ಒಂದೇ: ಇಂಗ್ಲಿಷ್ ಪುಸ್ತಕಕ್ಕೆಂದು ಮಾಡಿದ ಪುಟದ ಅಳತೆಯೊಳಗೆ ಕನ್ನಡವನ್ನು ಸುರಿಯುತ್ತಿದ್ದೇವೆ. ನಮ್ಮ ಲಿಪಿ ಸಾಲಿನ ಕೆಳಕ್ಕೂ ಇಳಿಯುತ್ತದೆ, ಮೇಲಕ್ಕೂ ಏಳುತ್ತದೆ. ಪುಟ ಕಟ್ಟುವವರು ಮೊದಲು ಇದನ್ನು ನೋಡಬೇಕು.

ತಾಯಿಯ ನೆನಪುಗಳನ್ನು ಹಲವು ವರ್ಷಗಳಿಂದ ನುಡಿಯಲ್ಲಿ ಟೈಪ್ ಮಾಡಿಟ್ಟಿದ್ದೇನೆ. ಡಿಟಿಪಿಯವರು ಅದನ್ನು ಯೂನಿಕೋಡಿಗೆ ಬದಲಿಸಿದಾಗ ಅಲ್ಲಲ್ಲಿ ಅಕ್ಷರಗಳು ಕೆಟ್ಟಿವೆ. ನುಡಿಯಲ್ಲೇ ಅಚ್ಚು ಹಾಕಿಸಿದರೆ ಏನು ತೊಂದರೆ? — ನಿವೃತ್ತ ಶಿಕ್ಷಕಿ, ಸಾಗರ

ಹಾಕಿಸಬಹುದು. ಆಫ್‌ಸೆಟ್ ಪ್ಲೇಟಿಗೆ ಬೇಕಾದದ್ದು ಆಕಾರ ಮಾತ್ರ, ಅದರ ಹಿಂದಿನ ಸಂಕೇತ ಯಾವುದಾದರೂ ನಡೆಯುತ್ತದೆ. ಎಷ್ಟೋ ಒಳ್ಳೆಯ ಕನ್ನಡ ಪುಸ್ತಕಗಳು ಪೇಜ್‌ಮೇಕರ್‌ನಲ್ಲಿ ಹಳೆಯ ಫಾಂಟುಗಳಿಂದಲೇ ತಯಾರಾಗಿವೆ. ಆದರೂ ನಿಮಗೆ ಯೂನಿಕೋಡನ್ನೇ ಹೇಳುತ್ತೇನೆ.

ನುಡಿಯ ಹಳೆಯ ಫಾಂಟುಗಳಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕೂರಿಸಲಾಗಿದೆ. ತಲೆಕಟ್ಟು ಒಂದು ಕಡೆ, ಒತ್ತು ಇನ್ನೊಂದು ಕಡೆ, ದೀರ್ಘ ಮತ್ತೊಂದು ಕಡೆ. ಈ ಮೂರೂ ಸೇರಿ ಒಂದೇ ಅಕ್ಷರ ಎಂಬುದು ಪುಟ ಕಟ್ಟುವ ತಂತ್ರಾಂಶಕ್ಕೆ ತಿಳಿಯುವುದಿಲ್ಲ. ಹಾಗಾಗಿ ಸಾಲಿನ ಕೊನೆಯಲ್ಲಿ ಜಾಗ ಸಾಲದಾದಾಗ ಅಕ್ಷರವನ್ನೇ ಸೀಳಿ, ದೀರ್ಘವನ್ನೋ ಒತ್ತನ್ನೋ ಮುಂದಿನ ಸಾಲಿನ ತಲೆಗೆ ತಳ್ಳಬಹುದು. ಡಿಟಿಪಿಯವರು ಅಂಥದ್ದನ್ನು ಕಣ್ಣಲ್ಲೇ ಹುಡುಕಿ ಕೈಯಿಂದ ಸರಿಪಡಿಸುತ್ತಾರೆ. ಮುಂದೆ ಒಂದು ಪದ ಸೇರಿಸಿದರೆ ಸಾಲುಗಳೆಲ್ಲ ಸರಿದು, ಅದೇ ಹುಡುಕಾಟ ಮತ್ತೆ ಶುರು. ಯೂನಿಕೋಡಿನಲ್ಲಿ ಆ ತಾಪತ್ರಯವಿಲ್ಲ. ನಾಳೆ ಇ-ಪುಸ್ತಕ ಮಾಡುವುದಾದರೆ, ಮೊಮ್ಮಕ್ಕಳು ಊರಿನ ಹೆಸರೊಂದನ್ನು ಅದರಲ್ಲಿ ಹುಡುಕುವುದಾದರೆ, ಆಗಲೂ ಈ ಪಠ್ಯವೇ ಒದಗುತ್ತದೆ.

ಬದಲಿಸುವಾಗ ಅಕ್ಷರ ಕೆಡುವುದು ಕೆಲವೇ ಜಾಗಗಳಲ್ಲಿ, ಹೆಚ್ಚಾಗಿ ಅದದೇ ಜಾಗಗಳಲ್ಲಿ. ಮೊದಲು ಸೊನ್ನೆಯನ್ನು ನೋಡಿ. ಹಳೆಯ ಕಡತಗಳಲ್ಲಿ ಅನುಸ್ವಾರದ ಬದಲು ಕನ್ನಡದ ಅಂಕಿ ಸೊನ್ನೆಯನ್ನು ಒತ್ತಿರುವುದು ಸಾಮಾನ್ಯ. ‘ಬ೦ದ’ ಮತ್ತು ‘ಬಂದ’ ಕಣ್ಣಿಗೆ ಹೆಚ್ಚುಕಡಿಮೆ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಇಡೀ ಕಡತದಲ್ಲಿ ೦ ಎಲ್ಲೆಲ್ಲಿದೆ ಎಂದು ಹುಡುಕಿ, ನಿಜವಾದ ಅಂಕಿಗಳನ್ನು ಬಿಟ್ಟು ಉಳಿದದ್ದನ್ನು ತಿದ್ದಿ.

ಆಮೇಲೆ ಅರ್ಕಾವತ್ತು. ‘ಸೂರ್ಯ’, ‘ಕಾರ್ಯ’ ಬರೆಯುವಾಗ ಯೂನಿಕೋಡ್ ತಾನಾಗಿಯೇ ಅರ್ಕಾವತ್ತು ಹಾಕುತ್ತದೆ. ಆದರೆ ‘ರ‍್ಯಾಂಕ್’, ‘ರ‍್ಯಾಲಿ’ಗಳಲ್ಲಿ ಅದು ಬೇಡ. ಅಲ್ಲಿ ರ ಮುಂದೆ ಕಣ್ಣಿಗೆ ಕಾಣದ ಜೋಡಕವೊಂದು ಇರಬೇಕು, ಬದಲಾವಣೆಯಲ್ಲಿ ಅದು ಬಿದ್ದುಹೋದರೆ ‘ರ್ಯಾಂಕ್’ ಎಂದು ಅಚ್ಚಾಗುತ್ತದೆ. ‘ರಾಜ್‌ಕುಮಾರ್’ ಎಂಬಲ್ಲಿ ಇರುವುದು ಇದಕ್ಕೆ ತದ್ವಿರುದ್ಧ, ಜೋಡಣೆಯನ್ನು ತಡೆಯುವ ಚಿಹ್ನೆ. ಅದು ಕಳೆದರೆ ‘ರಾಜ್ಕುಮಾರ್’ ಆಗಿಬಿಡುತ್ತದೆ. ಹೆಸರುಗಳ, ಊರುಗಳ, ಇಂಗ್ಲಿಷಿನಿಂದ ಬಂದ ಪದಗಳ ಪಟ್ಟಿ ಮಾಡಿಕೊಂಡು ಒಂದೊಂದನ್ನೂ ಹುಡುಕಿ ನೋಡಿ. ನಡುವೆ ಇಂಗ್ಲಿಷ್ ಲಿಪಿಯಲ್ಲಿ ಬರೆದ ಪದಗಳಿದ್ದರೆ, ಪರಿವರ್ತಕ ಅವನ್ನೂ ಕನ್ನಡವೆಂದು ತಿಳಿದು ಅರ್ಥವಿಲ್ಲದ ಅಕ್ಷರ ಮಾಡಿರುತ್ತದೆ.

ಈ ಕೆಲಸವೆಲ್ಲ ಪುಟವಿನ್ಯಾಸಕ್ಕೆ ಮುಂಚೆಯೇ, ವರ್ಡ್ ಕಡತದಲ್ಲೇ ಮುಗಿಯಬೇಕು. ಪುಟ ಕಟ್ಟುವವರಿಗೆ ಎರಡು ಮಾತು ಹೇಳಿ. ಪೇಜ್‌ಮೇಕರ್ ಯೂನಿಕೋಡನ್ನು ಓದುವುದಿಲ್ಲ. ಇನ್‌ಡಿಸೈನ್‌ನಲ್ಲಿ ‘ವರ್ಲ್ಡ್ ರೆಡಿ ಕಂಪೋಸರ್’ ಆಯ್ಕೆ ಮಾಡದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಾಣುತ್ತವೆ. ಅದನ್ನು ನೋಡಿ ಕೆಲವರು ಫಾಂಟೇ ಕೆಟ್ಟಿದೆ ಎಂದು ಕೈಬಿಡುತ್ತಾರೆ.

ನನ್ನ ಕಥಾಸಂಕಲನದ ಪುಟಗಳು ಇಕ್ಕಟ್ಟಾಗಿ ಕಾಣುತ್ತವೆ. ಅಕ್ಷರ 12 ಪಾಯಿಂಟ್ ಇದೆ, ಸಾಲಿನ ಅಂತರ 14.4. ಅಕ್ಷರ ದೊಡ್ಡದು ಮಾಡಲೇ? — ದಾವಣಗೆರೆ

ಅಕ್ಷರ ಹಾಗೇ ಇರಲಿ, ಸಾಲಿನ ಅಂತರ ಹೆಚ್ಚಿಸಿ. 12ಕ್ಕೆ 14.4 ಎಂಬುದು ತಂತ್ರಾಂಶ ತಾನಾಗಿ ಕೊಡುವ ಅಳತೆ, ರೋಮನ್ ಲಿಪಿಗೆ ಸರಿ. ನಿಮ್ಮ ಕಥೆಯೊಳಗಿಂದ ‘ರಾಷ್ಟ್ರ’, ‘ಶಾಸ್ತ್ರ’, ‘ಸ್ತ್ರೀ’ ಬರುವ ಒಂದು ಸಾಲು ತೆಗೆದುಕೊಳ್ಳಿ. ಅದರ ಕೆಳಗಿನ ಸಾಲಿನಲ್ಲಿ ‘ಕೀಲಿ’, ‘ಗಿಣಿ’ಯಂಥ, ತಲೆಯ ಮೇಲೆ ಗುಡಿಸು ಹೊತ್ತ ಪದಗಳಿರಲಿ. ನಿಜವಾದ ಗಾತ್ರದಲ್ಲಿ ಕಾಗದದ ಮೇಲೆ ತೆಗೆದು ನೋಡಿ. ಮೇಲಿನ ಒತ್ತಿನ ತುದಿ ಕೆಳಗಿನ ಗುಡಿಸಿಗೆ ತಾಗುತ್ತಿದ್ದರೆ, ತಾಗದಿದ್ದರೂ ನಡುವೆ ಬಿಳಿ ಕಾಣದಿದ್ದರೆ, ಅಂತರ ಸಾಲದು. 12 ಪಾಯಿಂಟಿಗೆ 17ರಿಂದ 18 ಇಟ್ಟು ಶುರುಮಾಡಿ. ಪಾಯಿಂಟಿನ ಅಂಕಿಯನ್ನೂ ಪೂರ್ತಿ ನಂಬಬೇಡಿ. ಒಂದು ಫಾಂಟಿನ 12 ಇನ್ನೊಂದರ 14ರಷ್ಟು ದೊಡ್ಡದಾಗಿ ಕಾಣಬಹುದು.

ಇಕ್ಕಟ್ಟಿಗೆ ಇನ್ನೊಂದು ಕಾರಣವೂ ಇರಬಹುದು. ‘ಹೇಳಿಕೊಳ್ಳಬೇಕಾಗಿದ್ದುದರಿಂದ’ ಎಂಬಂಥ ಉದ್ದ ಪದಗಳು ಕನ್ನಡದಲ್ಲಿ ಹೇರಳ. ಎರಡೂ ಅಂಚು ಸಮ ಮಾಡಿ ಪದ ಒಡೆಯುವುದನ್ನು ನಿಲ್ಲಿಸಿಬಿಟ್ಟರೆ ಒಂದು ಸಾಲಿನಲ್ಲಿ ಮೂರೇ ಪದ, ನಡುವೆ ದೊಡ್ಡ ದೊಡ್ಡ ಕಂದಕ. ಮುಂದಿನ ಸಾಲು ಹಿಂಡಿದಂತೆ. ಮೊಳೆ ಜೋಡಿಸುತ್ತಿದ್ದ ಕಾಲದವರು ಅಕ್ಷರದ ಗಡಿಯಲ್ಲಿ ಧೈರ್ಯವಾಗಿ ಪದ ಒಡೆದು ಮುಂದಿನ ಸಾಲಿಗೆ ಒಯ್ಯುತ್ತಿದ್ದರು. ಓದುಗರಿಗೆ ಅದರಿಂದ ಅಡ್ಡಿಯಾಗಲಿಲ್ಲ. ನೀವೂ ಒಡೆಯಿರಿ. ಒಂದೇ ಅಕ್ಷರ ಮುಂದಿನ ಸಾಲಿನಲ್ಲಿ ಒಂಟಿಯಾಗದಂತೆ ನೋಡಿಕೊಂಡರೆ ಸಾಕು.

ಪುಟ 196 ಬಂದಿದೆ. ಮುದ್ರಕರು ‘ಫಾರಂ ಲೆಕ್ಕಕ್ಕೆ ಕೂರುವುದಿಲ್ಲ’ ಎನ್ನುತ್ತಾರೆ. ಕೊನೆಗೆ ಖಾಲಿ ಪುಟ ಬಿಡಬೇಕೇ? — ಅದೇ ಓದುಗರು

ಡೆಮಿ ಕಾಗದದ ಹಾಳೆ 18 x 23 ಇಂಚು. ಅದನ್ನು ಎಂಟು ಎಲೆಯಾಗುವಂತೆ ಮಡಿಸಿದರೆ ಒಂದೊಂದು ಎಲೆ 5.75 x 9 ಇಂಚು. ಅಂಚು ಕತ್ತರಿಸಿದ ಮೇಲೆ 5.5 x 8.5. ಇದೇ ನಮ್ಮ ಡೆಮಿ 1/8. ಎಂಟು ಎಲೆಯ ಎರಡೂ ಮಗ್ಗುಲು ಸೇರಿ 16 ಪುಟ, ಅದು ಒಂದು ಫಾರಂ. 1000 ಪ್ರತಿಗೆ ಒಂದು ಫಾರಂ ಎಂದರೆ ಡಬಲ್ ಡೆಮಿ ಕಾಗದದ ಒಂದು ರೀಮು, 500 ಹಾಳೆ. ಮುದ್ರಕರ ಅಂದಾಜುಪಟ್ಟಿಯನ್ನು ನೀವೇ ತಾಳೆ ನೋಡಲು ಈ ಒಂದು ಲೆಕ್ಕ ಸಾಕು; ಹಾಳಾಗುವ ಹಾಳೆಗೆಂದು ಸ್ವಲ್ಪ ಹೆಚ್ಚು ಸೇರಿಸಿರುತ್ತಾರೆ, ಅದು ನ್ಯಾಯವೇ.

ಸಾಲಿನ ಅಂತರ ಹೆಚ್ಚಿಸಿದ ಮೇಲೆ ಪುಟಗಳ ಸಂಖ್ಯೆ ಬದಲಾಗುತ್ತದೆ, ಆಗಲೂ ಹೀಗೇ ಲೆಕ್ಕ ಹಾಕಿ. ಈಗಿನ 196 ಎಂದರೆ 12 ಫಾರಂ, ಮೇಲೆ ನಾಲ್ಕು ಪುಟ. 192ಕ್ಕೆ ಇಳಿಸಿ, ಇಲ್ಲವೇ 200ಕ್ಕೆ ಏರಿಸಿ ಅರ್ಧ ಫಾರಂ ಸೇರಿಸಿ. ಇಳಿಸಬೇಕೆಂದು ಸಾಲಿನ ಅಂತರಕ್ಕೆ ಮಾತ್ರ ಕೈ ಹಾಕಬೇಡಿ. ಪ್ರಕಾಶಕರ ಮಾತು, ಮುನ್ನುಡಿ, ಲೇಖಕರ ಅರಿಕೆ, ಕೃತಜ್ಞತೆ ಎಂದು ಕಥೆ ಶುರುವಾಗುವ ಮುನ್ನವೇ ಹತ್ತಾರು ಪುಟ ಕಳೆಯುವ ಸಂಕಲನಗಳಿವೆ. ನಾಲ್ಕು ಪುಟ ಅಲ್ಲೇ ಸಿಗುತ್ತದೆ. ಕಥೆಗಳೆಲ್ಲ ಬಲಪುಟದಲ್ಲೇ ಶುರುವಾಗಬೇಕೆಂಬ ಹಟವನ್ನೂ ಬಿಡಬಹುದು.

ಮುಖಪುಟ ಪರದೆಯ ಮೇಲೆ ಹೊಳೆಯುತ್ತಿತ್ತು, ಅಚ್ಚಿನಲ್ಲಿ ಮಂಕಾಯಿತು. ಬೆನ್ನಿನ ಮೇಲಿನ ಹೆಸರು ಪಕ್ಕಕ್ಕೆ ಸರಿದಿದೆ. ಎರಡನೇ ಮುದ್ರಣಕ್ಕೆ ಏನು ಮಾಡಲಿ? — ಹುಬ್ಬಳ್ಳಿ

ಪರದೆ ಬಣ್ಣ ತೋರಿಸುವುದು ಬೆಳಕಿನಿಂದ. ಕಾಗದದಲ್ಲಿ ನಾಲ್ಕು ಶಾಯಿಗಳಿಂದಲೇ (ಸಿಎಂವೈಕೆ) ಎಲ್ಲ ಆಗಬೇಕು. ಕಡು ನೀಲಿ, ಮಿಂಚುವ ಹಸಿರು, ಉಜ್ವಲ ಕಿತ್ತಳೆಗಳಿಗೆ ಆ ಶಾಯಿಗಳ ವ್ಯಾಪ್ತಿಯಲ್ಲಿ ಜಾಗವಿಲ್ಲ. ವಿನ್ಯಾಸದ ಮೊದಲ ದಿನದಿಂದಲೇ ಸಿಎಂವೈಕೆಯಲ್ಲಿ ಕೆಲಸ ಮಾಡಲು ಕಲಾವಿದರಿಗೆ ಹೇಳಿ, ಆಗ ಇರುವ ಬಣ್ಣಗಳೊಳಗೇ ಅವರು ಆರಿಸಿಕೊಳ್ಳುತ್ತಾರೆ. ಮ್ಯಾಟ್ ಲ್ಯಾಮಿನೇಷನ್ ಹಾಕಿದರೆ ಬಣ್ಣ ಇನ್ನೊಂದು ಎಳೆ ಶಾಂತವಾಗುತ್ತದೆ.

ಬೆನ್ನಿನ ದಪ್ಪವನ್ನು ಊಹಿಸಿ ಹಾಕಿರುತ್ತಾರೆ. 70 ಜಿಎಸ್‌ಎಂ ಮ್ಯಾಪ್‌ಲಿಥೋ ಕಾಗದದ ಒಂದು ಎಲೆ ಸುಮಾರು 0.09 ಮಿ.ಮೀ. ಉದಾಹರಣೆಗೆ, 208 ಪುಟ ಎಂದರೆ 104 ಎಲೆ, ಸುಮಾರು 9.4 ಮಿ.ಮೀ. ಎರಡು ಬದಿಯ ರಟ್ಟು ಸೇರಿ 10 ಎಂದಿಟ್ಟುಕೊಳ್ಳಿ. ಆದರೆ ಒಂದೇ ತೂಕದ ಕಾಗದ ಬೇರೆ ಬೇರೆ ಗಿರಣಿಯದ್ದಾದರೆ ದಪ್ಪವೂ ಬೇರೆ. ನಿಮ್ಮ ಪುಸ್ತಕಕ್ಕೆ ಬಳಸುವ ಕಾಗದವನ್ನೇ ಅಷ್ಟು ಎಲೆ ಜೋಡಿಸಿ ಒಂದು ಡಮ್ಮಿ ಮಾಡಿಸಿ, ಅಳೆದು, ಆ ಅಂಕಿಯನ್ನು ಕಲಾವಿದರಿಗೆ ಕೊಡಿ. ಬೆನ್ನು 10 ಬಂದರೆ ಡೆಮಿ 1/8 ಪುಸ್ತಕದ ಮುಖಪುಟದ ಕಡತದ ಅಗಲ 140, 10, 140, ಎರಡೂ ಬದಿ ಕತ್ತರಿಗೆಂದು 3 ಸೇರಿ 296 ಮಿ.ಮೀ, ಎತ್ತರ 216ಕ್ಕೆ ಮೇಲೆ ಕೆಳಗೆ 3 ಸೇರಿ 222. ಬಣ್ಣ ಆ 3 ಮಿ.ಮೀ ಕೊನೆಯವರೆಗೂ ಹರಿದಿರಬೇಕು. ಬೆನ್ನು ತೀರಾ ಸಣ್ಣದಾದರೆ ಅಲ್ಲಿ ಬೇರೆ ಬಣ್ಣದ ಪಟ್ಟಿ ಬೇಡ. ಬೈಂಡಿಂಗಿನಲ್ಲಿ ಒಂದು ಮಿ.ಮೀ ಸರಿದರೂ ಪಟ್ಟಿ ಮುಖಪುಟಕ್ಕೆ ಇಣುಕುತ್ತದೆ.

ಒಂದು ವಿಷಯದಲ್ಲಿ ನನಗೆ ರಾಜಿಯಿಲ್ಲ. ಬೆನ್ನುಡಿಯನ್ನು ಕಡು ಹಿನ್ನೆಲೆಯ ಮೇಲೆ ಸಣ್ಣ ಬಿಳಿ ಅಕ್ಷರಗಳಲ್ಲಿ ಹಾಕಬೇಡಿ. ನಾಲ್ಕು ಶಾಯಿಗಳಲ್ಲಿ ಒಂದು ಕೂದಲೆಳೆಯಷ್ಟು ಸರಿದರೂ ನಮ್ಮ ಸಣ್ಣ ಒತ್ತುಗಳ ಹೊಟ್ಟೆ ಮುಚ್ಚಿಹೋಗುತ್ತದೆ. ಒಳಪುಟದ ಅಕ್ಷರಕ್ಕೂ ಕಪ್ಪು ಶಾಯಿ ಒಂದೇ ಇರಲಿ.

ಹಳೆಯ ಕುಟುಂಬದ ಫೋಟೋಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಂಡಿದ್ದೇನೆ. ನಡೆಯುತ್ತದೆಯೇ? — ಉಡುಪಿ

ನಡೆಯುವುದಿಲ್ಲ. ಮೂಲ ಫೋಟೋವನ್ನೇ ತರಿಸಿ, 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ. ಅಚ್ಚಾಗುವ ಗಾತ್ರದಲ್ಲಿ ಒಂದು ಇಂಚಿಗೆ 300 ಚುಕ್ಕೆ ಉಳಿದಿರಬೇಕು. ಮೂಲ ಕಳುಹಿಸಲು ಮನೆಯವರು ಒಪ್ಪದಿದ್ದರೆ ಅವರ ಊರಿನಲ್ಲೇ ಸ್ಕ್ಯಾನ್ ಮಾಡಿಸಿ, ಕಡತವನ್ನು ಇಮೇಲಿನಲ್ಲಿ ಕಳಿಸಲು ಕೇಳಿ.

ಐಎಸ್‌ಬಿಎನ್ ಪಡೆಯಲು ಏಜೆಂಟರು ಹಣ ಕೇಳುತ್ತಿದ್ದಾರೆ. ನಾನೇ ಪ್ರಕಾಶಕ. — ಮೈಸೂರು

ಕೊಡಬೇಡಿ. ಭಾರತದಲ್ಲಿ ಐಎಸ್‌ಬಿಎನ್ ಉಚಿತ. ಕೇಂದ್ರ ಶಿಕ್ಷಣ ಸಚಿವಾಲಯದಡಿಯ ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಏಜೆನ್ಸಿಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಿ. ಲೇಖಕರೇ ಪ್ರಕಾಶಕರಾಗಿದ್ದರೂ ಕೊಡುತ್ತಾರೆ. ಪೇಪರ್‌ಬ್ಯಾಕಿಗೂ ಇ-ಪುಸ್ತಕಕ್ಕೂ ಬೇರೆ ಬೇರೆ ಸಂಖ್ಯೆ ಬೇಕು. ಬದಲಾವಣೆಯಿಲ್ಲದ ಮರುಮುದ್ರಣಕ್ಕೆ ಹಳೆಯದೇ ಸಾಕು, ಪರಿಷ್ಕರಿಸಿದರೆ ಹೊಸದು. ಬಾರ್‌ಕೋಡನ್ನು ಬಿಳಿಯ ಮೇಲೆ ಕಪ್ಪಿನಲ್ಲೇ ಮುದ್ರಿಸಿ. ಕೆಂಪು ಗೆರೆಗಳು ಸ್ಕ್ಯಾನರಿನ ಕೆಂಪು ಬೆಳಕಿಗೆ ಕಾಣುವುದೇ ಇಲ್ಲ.

1954ರ ಪುಸ್ತಕ ವಿತರಣಾ ಕಾಯಿದೆಯಂತೆ, ಪ್ರಕಟವಾದ 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಗಳ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ನಿಮ್ಮ ಖರ್ಚಿನಲ್ಲೇ ಕಳಿಸಬೇಕು. ಇದನ್ನು ಹೊರೆ ಎಂದುಕೊಳ್ಳಬೇಡಿ. ನಿಮ್ಮ ಮನೆಯ ಪ್ರತಿಗಳೆಲ್ಲ ಮುಗಿದ ಮೇಲೂ ಪುಸ್ತಕ ಸಿಗುವ ಜಾಗ ಅದು.

ಕೇವಲ ನೂರು ಪ್ರತಿ ಸಾಕು ಎನಿಸುತ್ತದೆ. — ಮಡಿಕೇರಿ

ಹಾಗಾದರೆ ಡಿಜಿಟಲ್ ಮುದ್ರಣ. ಆಫ್‌ಸೆಟ್ಟಿನಲ್ಲಿ ಪ್ಲೇಟಿನ ಖರ್ಚು ನೂರು ಪ್ರತಿಗೂ ಸಾವಿರ ಪ್ರತಿಗೂ ಒಂದೇ, ನೂರರ ಮೇಲೆ ಹಂಚಿದರೆ ದುಬಾರಿ. ಕಡತ ಮಾತ್ರ ಆಫ್‌ಸೆಟ್ಟಿಗೆ ಮಾಡಿದಷ್ಟೇ ಶಿಸ್ತಿನಿಂದ ಮಾಡಿಸಿ, ಮುಂದೆ ಬೇಡಿಕೆ ಬಂದಾಗ ಅದೇ ಕೆಲಸಕ್ಕೆ ಬರುತ್ತದೆ.

ಕೊನೆಯ ಪಿಡಿಎಫ್ ಬಂದಿದೆ, ಇವತ್ತೇ ಒಪ್ಪಿಗೆ ಕೊಡಿ ಎನ್ನುತ್ತಾರೆ. ಏನೇನು ನೋಡಲಿ? — ಧಾರವಾಡ

ಇವತ್ತೇ ಕೊಡಬೇಡಿ, ಎರಡು ದಿನ ಕೇಳಿ. ಪೂರ್ತಿ ಪುಸ್ತಕವನ್ನು ಕಾಗದದ ಮೇಲೆ, ನಿಜವಾದ ಗಾತ್ರದಲ್ಲಿ, ಎರಡೂ ಮಗ್ಗುಲು ತೆಗೆಸಿ. ಈ ಸುತ್ತಿನಲ್ಲಿ ವಾಕ್ಯ ಚೆಂದ ಮಾಡಲು ಹೋಗಬೇಡಿ. ಒಂದು ಪದ ಬದಲಾದರೆ ಪುಟವೇ ಓಡುತ್ತದೆ. ಪರಿವಿಡಿಯ ಒಂದೊಂದು ಸಂಖ್ಯೆಯನ್ನೂ ಪುಟ ತೆರೆದು ತಾಳೆ ನೋಡಿ, ಅತಿ ಹೆಚ್ಚು ತಪ್ಪು ಉಳಿಯುವುದು ಅಲ್ಲೇ. ಪುಟದ ತಲೆಯ ಮೇಲಿನ ಅಧ್ಯಾಯದ ಹೆಸರು, ಬೆನ್ನಿನ ಮೇಲೂ ಮುಖಪುಟದಲ್ಲೂ ಶೀರ್ಷಿಕೆಪುಟದಲ್ಲೂ ನಿಮ್ಮ ಹೆಸರಿನ ಕಾಗುಣಿತ, ಬೆಲೆ, ಐಎಸ್‌ಬಿಎನ್ ಅಂಕಿಗಳು, ಇವನ್ನು ನಿಮ್ಮ ಬದಲು ಪುಸ್ತಕ ಓದಿರದ ಒಬ್ಬರಿಂದ ಓದಿಸಿ.

ಒಳ ಅಂಚನ್ನು ಅಳತೆಪಟ್ಟಿಯಿಂದ ಅಳೆಯಿರಿ. ಪರ್ಫೆಕ್ಟ್ ಬೈಂಡಿಂಗಿನಲ್ಲಿ ಅಂಟು ಹಿಡಿಯಲೆಂದು ಬೆನ್ನಿನ ಕಡೆ ಎರಡು ಮೂರು ಮಿ.ಮೀ ಉಜ್ಜಿ ತೆಗೆಯುತ್ತಾರೆ, ಅಂಟಿನಲ್ಲಿ ಇನ್ನಷ್ಟು ಹುದುಗುತ್ತದೆ. 20 ಮಿ.ಮೀಗಿಂತ ಕಡಿಮೆ ಇದ್ದರೆ ಓದುಗರು ಪುಸ್ತಕ ಮುರಿದು ಓದಬೇಕಾಗುತ್ತದೆ. ಕಾಗದದ ನಾರು ಬೆನ್ನಿಗೆ ಸಮಾನಾಂತರವಾಗಿ ಬರುತ್ತದೆಯೇ ಎಂದು ಮುದ್ರಕರನ್ನು ಕೇಳಿ; ಅಡ್ಡ ಬಂದರೆ ಮಳೆಗಾಲದಲ್ಲಿ ಪುಟಗಳು ಅಲೆಯಲೆಯಾಗಿ ಏಳುತ್ತವೆ. ಪಿಡಿಎಫ್‌ನಲ್ಲಿ ಫಾಂಟುಗಳೆಲ್ಲ ಅಡಕವಾಗಿವೆಯೇ ಎಂದು ಕಡತದ ಮಾಹಿತಿಯಲ್ಲಿ ನೋಡಿ, ಇಲ್ಲವಾದರೆ ಮುದ್ರಣಾಲಯದ ಯಂತ್ರ ತನಗೆ ಸಿಕ್ಕ ಬೇರೆ ಫಾಂಟು ಹಾಕಿಬಿಡುತ್ತದೆ. ಎಲ್ಲ ಸರಿಯಿದ್ದರೆ ಕಾಗದದ ಪ್ರತಿಯ ಮೇಲೆ ಸಹಿ, ದಿನಾಂಕ ಹಾಕಿ ಕಳಿಸಿ, ಅದರ ಒಂದು ನಕಲನ್ನು ನಿಮ್ಮ ಬಳಿ ಇಟ್ಟುಕೊಳ್ಳಿ.