ತರಬೇತಿಯ ಜೊತೆಗೆ ಅಧಿಕಾರವನ್ನೂ ಕೊಡಿ



ಒಂದೇ ಮುಹೂರ್ತಕ್ಕೆ ಎರಡು ಕಡೆ ಊಟದ ಆರ್ಡರ್ ಇದ್ದರೆ ಮಾಲೀಕರು ಒಂದು ಕಡೆ ಮಾತ್ರ ಇರಬಲ್ಲರು. ಇನ್ನೊಂದು ಅಡುಗೆಮನೆ ನಡೆಸಲು ನಂಬಿಕೆಯ ಮೇಲ್ವಿಚಾರಕ ಬೇಕು.

ಆಹಾರ ಸುರಕ್ಷತಾ ಪ್ರಾಧಿಕಾರವು 2017ರಲ್ಲಿ ‘ಫಾಸ್ಟ್ಯಾಕ್’ ತರಬೇತಿ ಆರಂಭಿಸಿತು. ಆಹಾರ ಮುಟ್ಟುವ ಪ್ರತಿ 25 ಕೆಲಸಗಾರರಿಗೆ ತರಬೇತಾದ ಒಬ್ಬ ಮೇಲ್ವಿಚಾರಕನಿರಬೇಕು ಎಂಬುದು ಅದರ ಉದ್ದೇಶ. ನಾವು ಹುಡುಗನನ್ನು ಕಳುಹಿಸುತ್ತೇವೆ, ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕುತ್ತೇವೆ. ಮರುದಿನ ಅವನು ಮತ್ತೆ ತರಕಾರಿ ಹೆಚ್ಚಲು ಕೂರುತ್ತಾನೆ. ಕಲಿತದ್ದು ಅಲ್ಲಿಗೇ ನಿಲ್ಲುತ್ತದೆ.

ತರಬೇತಿ ಫಲ ಕೊಡಬೇಕಾದರೆ ಹೀಗೆ ಮಾಡಿ:

1. ಹೋಗುವ ಮೊದಲೇ, ಬಂದ ಮೇಲಿನ ಜವಾಬ್ದಾರಿ ತಿಳಿಸಿ. ಮೊದಲು 50 ಎಲೆಯ ಊಟ ವಹಿಸಿ, ನಂತರ 200 ಎಲೆಯದು.

2. ಅವನ ಅಧಿಕಾರವನ್ನು ಹಿರಿಯ ಭಟ್ಟರ ಎದುರಿಗೇ ಹೇಳಿ. ಬಿಸಿ ಪದಾರ್ಥ 60 ಡಿಗ್ರಿಗಿಂತ ಕೆಳಗೆ ಬಹಳ ಹೊತ್ತು ಉಳಿದಿದ್ದರೆ, ಪಲ್ಯ ಹಳಸಿದ್ದರೆ, ಬಡಿಸದಂತೆ ತಡೆಯುವವನು ಅವನೇ.

3. ತಪ್ಪಾದರೆ ಎಲ್ಲರೆದುರು ಗದರಿಸಬೇಡಿ. ಪಾತ್ರೆ ತೊಳೆದಾದ ಮೇಲೆ ಹತ್ತು ನಿಮಿಷ ಕೂತು ಮಾತಾಡಿ.

‘ಕಲಿಸಿದರೆ ಬೇರೆಯವರ ಹತ್ತಿರ ಹೋಗುತ್ತಾನೆ’ ಎಂಬ ಭಯ ಎಲ್ಲರಿಗೂ ಇದೆ. ಕಲಿತ ಮೇಲೂ ಗೌರವ, ಕೆಲಸಕ್ಕೆ ತಕ್ಕ ಸಂಬಳ ಸಿಗದವನು ಇನ್ನೂ ಬೇಗ ಹೋಗುತ್ತಾನೆ.

ಮುಖ್ಯ ಪರೀಕ್ಷೆ ಮಾಲೀಕರದ್ದು. ಪಂಕ್ತಿ ಕಾಯುತ್ತಿದೆ, ಅವನು ಸಾಂಬಾರಿನ ಕೊಪ್ಪರಿಗೆ ತಡೆದಿದ್ದಾನೆ. ಆಗ ‘ಪರವಾಗಿಲ್ಲ, ಬಡಿಸಿ’ ಎಂದು ನೀವು ಹೇಳಿದರೆ, ಮುಂದೆ ಅವನ ಮಾತನ್ನು ಯಾರೂ ಕೇಳುವುದಿಲ್ಲ. ಅವನ ಪರವಾಗಿ ನಿಂತರೆ ನಿಮ್ಮ ಎರಡನೆಯ ಅಡುಗೆಮನೆಗೆ ಯಜಮಾನ ಸಿಕ್ಕಂತೆ.