ಬಚ್ಚಲಮನೆಯ ಗೀಸರ್: ಹಿರಿಯರು ತಿಳಿದಿರಬೇಕಾದ ಸಂಗತಿಗಳು



ಊರಿನ ಹಂಡೆ ನೀರು ಕಾದಿದೆಯೋ ಇಲ್ಲವೋ ಎಂದು ಒಲೆ ನೋಡಿದರೆ ತಿಳಿಯುತ್ತಿತ್ತು. ಇಲ್ಲಿ ಮಸ್ಕತ್ತಿನ ಫ್ಲ್ಯಾಟುಗಳಲ್ಲಿ ಗೀಸರ್ ಗೋಡೆಯ ಮೇಲೋ ಫಾಲ್ಸ್ ಸೀಲಿಂಗಿನ ಒಳಗೋ ಇರುತ್ತದೆ. ಬೆಂಕಿ ಕಾಣುವುದಿಲ್ಲ, ಹೊಗೆ ಕಾಣುವುದಿಲ್ಲ. ಮಕ್ಕಳು ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ನೀವೇ ಇರುವವರು. ಅದಕ್ಕಾಗಿ ಈ ನಾಲ್ಕು ಮಾತು.

ಬೇಸಿಗೆಯಲ್ಲಿ ನಲ್ಲಿ ಅದಲುಬದಲು

ನೀರಿನ ಟ್ಯಾಂಕ್ ತಾರಸಿಯ ಮೇಲಿದ್ದರೆ ಮೇ, ಜೂನ್ ಬಿಸಿಲಿಗೆ ತಣ್ಣೀರಿನ ನೀಲಿ ನಲ್ಲಿಯಲ್ಲೇ ಸುಡುವ ನೀರು ಬರುತ್ತದೆ. ಆಗ ಅನೇಕ ಮನೆಗಳಲ್ಲಿ ಗೀಸರ್ ಆರಿಸಿ, ಅದರೊಳಗೆ ನಿಂತು ತಣಿದ ನೀರನ್ನು ಕೆಂಪು ನಲ್ಲಿಯಿಂದ ಬಳಸುತ್ತಾರೆ. ಆದ್ದರಿಂದ ಬಣ್ಣ ನಂಬಬೇಡಿ. ಬಂದ ದಿನವೇ ಮಕ್ಕಳನ್ನು ಕೇಳಿ ತಿಳಿದುಕೊಳ್ಳಿ.

ನೀರು ಎಷ್ಟು ಬಿಸಿ ಇರಬೇಕು?

60 ಡಿಗ್ರಿ ಸೆಲ್ಸಿಯಸ್ ನೀರು ಸುಮಾರು 5 ಸೆಕೆಂಡಿನಲ್ಲಿ ಚರ್ಮವನ್ನು ಆಳವಾಗಿ ಸುಡಬಲ್ಲದು. ವಯಸ್ಸಾದವರ ಚರ್ಮ ತೆಳು, ಇನ್ನೂ ಬೇಗ ಸುಡುತ್ತದೆ. ಹಾಗೆಂದು ಗೀಸರನ್ನು ಸದಾ ಉಗುರುಬೆಚ್ಚಗೆ ಇಡುವುದೂ ಸರಿಯಲ್ಲ. 20ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ ಲೀಜಿಯೊನೆಲ್ಲ ಎಂಬ ಬ್ಯಾಕ್ಟೀರಿಯಾ ಬೆಳೆಯಬಹುದು. ಆ ನೀರಿನ ತುಂತುರು ಉಸಿರಿನೊಂದಿಗೆ ಒಳಹೋದರೆ ನ್ಯುಮೋನಿಯಾ ಬರುವ ಸಾಧ್ಯತೆಯಿದೆ. ಗೀಸರ್ 60 ಡಿಗ್ರಿಯಲ್ಲಿರಲಿ, ನೀವು ಬೆರೆಸಿಕೊಂಡು ಸ್ನಾನ ಮಾಡಿ. ಚಳಿಗಾಲಕ್ಕೆ ಮತ್ತೆ ಹಾಕಿದಾಗ ನೀರು ಪೂರ್ತಿ ಕಾದ ಮೇಲೆ ನಲ್ಲಿಯನ್ನು ಕೆಲವು ನಿಮಿಷ ಹರಿಯಬಿಡಲು ಮಕ್ಕಳಿಗೆ ಹೇಳಿ.

ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಕೈಯಾಡಿಸಿ, ಮೊಣಕೈಯಿಂದ ಮುಟ್ಟಿ ನೋಡಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಸುಟ್ಟದ್ದೇ ತಿಳಿಯುವುದಿಲ್ಲ. ಹುಣ್ಣಾದ ಮೇಲೆ ಗೊತ್ತಾಗುತ್ತದೆ. ಪಾದದಿಂದ ಎಂದೂ ಪರೀಕ್ಷಿಸಬೇಡಿ. ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರಿಗೆ ತುಂಬ ಬಿಸಿನೀರಿನ ಸ್ನಾನದಿಂದ ತಲೆಸುತ್ತು ಬರಬಹುದು. ಸ್ಟೂಲಿನ ಮೇಲೆ ಕುಳಿತು ಸ್ನಾನ ಮಾಡಿ, ನಿಧಾನವಾಗಿ ಏಳಿ, ಬಾಗಿಲಿಗೆ ಚಿಲಕ ಹಾಕಬೇಡಿ.

ತೊಂದರೆ ಕಂಡರೆ

*ನೀರು ಕಾಯುತ್ತಿಲ್ಲ:* ಸ್ವಿಚ್ ಹಾಕಿದೆಯೇ, ಅದರ ಕೆಂಪು ದೀಪ ಉರಿಯುತ್ತಿದೆಯೇ ನೋಡಿ. 50 ಲೀಟರ್, 1500 ವ್ಯಾಟ್ ಗೀಸರಿನಲ್ಲಿ 20 ಡಿಗ್ರಿ ನೀರು 60 ಡಿಗ್ರಿಗೆ ಏರಲು ಸುಮಾರು ಒಂದೂವರೆ ಗಂಟೆ ಬೇಕು. ಇನ್ನೊಬ್ಬರು ಈಗಷ್ಟೇ ಸ್ನಾನ ಮಾಡಿದ್ದರೆ ಕಾಯಿರಿ.

*ಟ್ರಿಪ್ ಆಗಿದೆ:* ಒಣ ಕೈಯಿಂದ ಒಮ್ಮೆ ಮಾತ್ರ ಮೇಲೆತ್ತಿ. ಮತ್ತೆ ಬಿದ್ದರೆ ಬಿಟ್ಟುಬಿಡಿ. ಒಳಗೆ ಕರೆಂಟ್ ಸೋರುತ್ತಿರಬಹುದು.

*ಹನಿ ಬೀಳುತ್ತಿದೆ:* ನೀರು ಕಾಯುವಾಗ ಹಿಗ್ಗುವುದರಿಂದ ಸೇಫ್ಟಿ ವಾಲ್ವಿನಿಂದ ಕೆಲವು ಹನಿ ಬೀಳುವುದು ಸಹಜ. ಅದನ್ನು ಬಟ್ಟೆ ತುರುಕಿ ಮುಚ್ಚಬೇಡಿ. ಧಾರೆಯಾಗಿ ಸುರಿದರೆ ಸ್ವಿಚ್ ಆರಿಸಿ.

*ನಲ್ಲಿ ಮುಟ್ಟಿದರೆ ಜುಮ್ಮೆನ್ನುತ್ತದೆ, ಸುಟ್ಟ ವಾಸನೆ, ನಲ್ಲಿಯಿಂದ ಹಬೆ:* ತಕ್ಷಣ ಹೊರಬನ್ನಿ. ಹೊರಗಿನ ಒಣ ಜಾಗದಿಂದಲೇ ಸ್ವಿಚ್ ಆರಿಸಿ. ಎಲೆಕ್ಟ್ರಿಷಿಯನ್ ನೋಡುವವರೆಗೆ ಆ ಬಚ್ಚಲಮನೆ ಬಳಸಬೇಡಿ.

ಶುಚಿ ಮಾಡುವುದು

ಕೈಗೆ ಎಟುಕುವ ಗೀಸರ್ ಆದರೆ ಸ್ವಿಚ್ ಆರಿಸಿ ಹೊರಮೈಯನ್ನು ಒಣಬಟ್ಟೆಯಿಂದ ಒರೆಸಿ. ನೀರು ಎರಚಬೇಡಿ, ಸ್ಟೂಲು ಹತ್ತಬೇಡಿ. ಶವರಿನ ತೂತು ಕಟ್ಟಿದ್ದರೆ ಮಕ್ಕಳಿಂದ ಬಿಚ್ಚಿಸಿ, ವಿನೆಗರ್ ಬೆರೆಸಿದ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಒಳಗೆ ಕಟ್ಟಿದ ಸುಣ್ಣ ತೆಗೆಯುವುದು ಮೆಕ್ಯಾನಿಕ್ ಕೆಲಸ. ಗೀಸರ್ ಗೊರಗೊರ ಸದ್ದು ಮಾಡಿದರೆ ಅದಕ್ಕೆ ಸಮಯ ಬಂದಿದೆ ಎಂದುಕೊಳ್ಳಿ.

ಸುಟ್ಟರೆ

ಬಳೆ, ಉಂಗುರ ತೆಗೆದು 20 ನಿಮಿಷ ತಂಪು ನೀರು ಹಾಯಿಸಿ. ಬೇಸಿಗೆಯಲ್ಲಿ ನಲ್ಲಿ ನೀರೇ ಬಿಸಿಯಾದ್ದರಿಂದ ಕುಡಿಯುವ ನೀರಿನ ಕ್ಯಾನ್ ಬಳಸಿ. ಐಸ್, ಟೂತ್‌ಪೇಸ್ಟ್, ಬೆಣ್ಣೆ, ಅರಿಶಿನ ಬೇಡ. ಗುಳ್ಳೆ ಒಡೆಯಬೇಡಿ. ಸಕ್ಕರೆ ಕಾಯಿಲೆಯವರು ಗಾಯ ಚಿಕ್ಕದಾದರೂ ಅದೇ ದಿನ ವೈದ್ಯರಿಗೆ ತೋರಿಸಿ. ತುರ್ತು ಸಹಾಯಕ್ಕೆ ಒಮಾನಿನಲ್ಲಿ 9999. ಈ ಸಂಖ್ಯೆಯನ್ನೂ ಮನೆಯ ವಿಳಾಸವನ್ನೂ ದೊಡ್ಡ ಅಕ್ಷರದಲ್ಲಿ ಬರೆಸಿ ಫೋನಿನ ಬಳಿ ಅಂಟಿಸಿಕೊಳ್ಳಿ.

ಮಕ್ಕಳಿಗೆ ತೊಂದರೆ ಕೊಡಬಾರದೆಂದು ಸುಮ್ಮನಿರಬೇಡಿ. ಒಂದು ಫೋನ್ ಮಾಡಿದರೆ ಅವರಿಗೂ ನೆಮ್ಮದಿ.