ಬೆಂಗಳೂರು ದಂಡು: ಸಮುದಾಯದ ಗುರುತು ಮತ್ತು ಸಾರ್ವಜನಿಕ ಸಂಸ್ಥೆಗಳು

1809ರಲ್ಲಿ ಬ್ರಿಟಿಷರು ನೆಲೆಗೊಳಿಸಿದ ದಂಡು ಪ್ರದೇಶದ ಇತಿಹಾಸವನ್ನು ಬಂಗಲೆ, ಕವಾಯತು ಮೈದಾನಗಳಿಗೆ ಸೀಮಿತಗೊಳಿಸುವುದು ತಪ್ಪು. ಇಲ್ಲಿನ ಶಾಲೆ, ಆಸ್ಪತ್ರೆಗಳಲ್ಲಿ ಹಲವನ್ನು ಕಟ್ಟಿದವರು ಬಿಳಿಯರಲ್ಲದ, ವಲಸೆ ಬಂದ ವರ್ತಕರು. ತಮಿಳು ಮೂಲದ ಗುತ್ತಿಗೆದಾರ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್ 1873ರಲ್ಲಿ ಶಾಲೆ ತೆರೆದರು. ಹಲಸೂರು ಕೆರೆಯ ಸಮೀಪದ ಆರ್‌ಬಿಎಎನ್‌ಎಂ ಸಂಸ್ಥೆಗಳು ಅದರ ಮುಂದುವರಿಕೆ. ಕಚ್ಛೀ ಮೇಮನ್ ಸಮುದಾಯದ ಹಾಜಿ ಸರ್ ಇಸ್ಮಾಯಿಲ್ ಸೇಠ್ ಶಿವಾಜಿನಗರದ ಗೋಷಾ ಆಸ್ಪತ್ರೆಗೆ ದಾನಿಯಾದರು. ಕೆ.ಆರ್.ಪುರದ ಬಳಿ ವಿಶಾಲವಾದ ಕೆರೆಯೊಂದು ವೀಳ್ಯದೆಲೆ ವ್ಯಾಪಾರಿ ಎಲೆ ಮಲ್ಲಪ್ಪ ಶೆಟ್ಟಿಯವರ ಹೆಸರನ್ನು ಇಂದಿಗೂ ಹೊತ್ತಿದೆ.

ಇವೆಲ್ಲ ವಸಾಹತು ಆಡಳಿತದ ಮೆಚ್ಚುಗೆ ಗಳಿಸಲು ಮಾಡಿದ ದಾನಗಳು ಎಂಬ ಆಕ್ಷೇಪವಿದೆ. ಬಿರುದುಗಳು ಬಂದದ್ದು ನಿಜ, ಗುತ್ತಿಗೆಯ ಲಾಭವೂ ನಿಜ. ಆದರೆ ಮೊದಲಿಯಾರ್ 1883ರಲ್ಲಿ ದಲಿತ ಮಕ್ಕಳಿಗಾಗಿಯೇ ಶಾಲೆ ತೆರೆದರು. ಜಾತಿ ಕಟ್ಟುಪಾಡು ಬಿಗಿಯಾಗಿದ್ದ ಕಾಲದಲ್ಲಿ ಅದು ಸುಲಭದ ಮೆಚ್ಚುಗೆ ತರುವ ಕೆಲಸವಾಗಿರಲಿಲ್ಲ. ಗೋಷಾ, ಅಂದರೆ ಪರದೆ, ಪಾಲಿಸುವ ಹೆಂಗಸರು ಪುರುಷ ವೈದ್ಯರ ಬಳಿ ಹೋಗಲು ಹಿಂಜರಿಯುತ್ತಿದ್ದರು. ಆ ಅಡ್ಡಿಯನ್ನು ಒಳಗಿನಿಂದ ಅರಿತ ಸಮುದಾಯವೇ ಮಹಿಳೆಯರಿಗೆ ಪ್ರತ್ಯೇಕ ಆಸ್ಪತ್ರೆಯ ಅಗತ್ಯ ಕಂಡಿತು. ಗುರುತು ಇಲ್ಲಿ ಬೇಲಿಯಾಗದೆ, ಕೊರತೆಯನ್ನು ಗುರುತಿಸುವ ಕಣ್ಣಾಯಿತು.

ಗುರುತೇ ಕೊರತೆಯನ್ನು ಕಾಣಿಸುತ್ತದೆ ಎಂಬ ಇದೇ ನೆಲೆಯಲ್ಲಿ ಇಂದಿನ ಬೆಂಗಳೂರಿನ ಚಳವಳಿ, ಕಲೆಗಳನ್ನೂ ಓದಬೇಕು. ಲಿಂಗತ್ವ ಅಲ್ಪಸಂಖ್ಯಾತರ ಹೋರಾಟಗಾರ್ತಿ ಅಕ್ಕೈ ಪದ್ಮಶಾಲಿ ಅವರಿಗೆ 2015ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಸಂದಿತು. ಬೆಂಗಳೂರಿನಲ್ಲಿ ಆರಂಭವಾದ ಅರವಾನಿ ಆರ್ಟ್ ಪ್ರಾಜೆಕ್ಟ್‌ನಲ್ಲಿ ಲಿಂಗತ್ವ ಅಲ್ಪಸಂಖ್ಯಾತ ಕಲಾವಿದೆಯರು ನಗರದ ಗೋಡೆಗಳ ಮೇಲೆ ಚಿತ್ರ ಬರೆಯುತ್ತಾರೆ.